ಮನೆಯ ಕಚೇರಿಗೆ ಕಡಿಮೆ ಬೆಲೆಯ ವೈರ್‌ಲೆಸ್ ಟ್ರ್ಯಾಕ್‌ಬಾಲ್ ಮೌಸ್: ಆರಿಸುವುದು ಹೇಗೆ?

ಮನೆಯಿಂದಲೇ ಕಚೇರಿ ಕೆಲಸ ಮಾಡುವ ಓದುಗರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: “ಟ್ರ್ಯಾಕ್‌ಬಾಲ್ ಮೌಸ್ ಕೊಳ್ಳಬೇಕೆಂದಿದ್ದೇನೆ, ವೈರ್ ಇರಬಾರದು, ಬೆಲೆಯೂ ಕೈಗೆಟುಕುವಂತಿರಬೇಕು, ಯಾವುದನ್ನು ಕೊಳ್ಳಲಿ?” ಒಂದು ಮಾದರಿಯ ಹೆಸರು ಹೇಳಿ ಮುಗಿಸಬಹುದಾದ ಪ್ರಶ್ನೆ ಇದಲ್ಲ. ಒಬ್ಬರಿಗೆ ವರ್ಷಗಟ್ಟಲೆ ಹಿತವಾಗಿ ಒದಗಿದ ಟ್ರ್ಯಾಕ್‌ಬಾಲ್ ಇನ್ನೊಬ್ಬರಿಗೆ ಕೆಲವೇ ದಿನಗಳಲ್ಲಿ ಹೆಬ್ಬೆರಳಿನ ನೋವು ತರಬಹುದು, ಏಕೆಂದರೆ ಕೈಯ ಅಳತೆ, ಬೆರಳುಗಳ ಅಭ್ಯಾಸ ಮತ್ತು ಮಾಡುವ ಕೆಲಸ ಇವು ಮೂರೂ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತವೆ. ಆದ್ದರಿಂದ ನಿಮ್ಮ ಆಯ್ಕೆಯನ್ನು ನೀವೇ ಮಾಡಿಕೊಳ್ಳಲು ನೆರವಾಗುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ನನ್ನ ಖಚಿತ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಹಣ ಉಳಿಸುವ ಸಲುವಾಗಿ ಬಿಟ್ಟುಕೊಡಬಹುದಾದ ಸೌಲಭ್ಯಗಳು ಬೇಕಾದಷ್ಟಿವೆ, ಆದರೆ ಚೆಂಡಿನ ಸರಾಗ ಓಟ, ಗುಂಡಿಗಳ ಬಾಳಿಕೆ ಮತ್ತು ನಿಮ್ಮ ಕೈಗೆ ಒಪ್ಪುವ ಆಕಾರ ಎಂಬ ಮೂರನ್ನು ಬಿಟ್ಟುಕೊಟ್ಟರೆ ಉಳಿಸಿದ ಹಣವೂ ಉಳಿಯುವುದಿಲ್ಲ.

ಮೊದಲು ಸಾಧನದ ಪರಿಚಯ. ಸಾಮಾನ್ಯ ಮೌಸ್ ಬಳಸುವಾಗ ನಾವು ಇಡೀ ಸಾಧನವನ್ನು ಮೇಜಿನ ಮೇಲೆ ಸರಿಸುತ್ತೇವೆ. ಟ್ರ್ಯಾಕ್‌ಬಾಲ್‌ನಲ್ಲಿ ಸಾಧನ ಇಟ್ಟಲ್ಲೇ ಇರುತ್ತದೆ. ಅದರ ಮೇಲೆ ಅಥವಾ ಪಕ್ಕದಲ್ಲಿ ಕುಳಿತಿರುವ ಚೆಂಡನ್ನು ಬೆರಳಿನಿಂದ ಉರುಳಿಸಿದಾಗ, ಒಳಗಿನ ಸೆನ್ಸರ್ ಆ ಚಲನೆಯನ್ನು ಗುರುತಿಸಿ ಪರದೆಯ ಮೇಲಿನ ಪಾಯಿಂಟರ್ ಅನ್ನು, ಅಂದರೆ ಬಾಣದ ಗುರುತನ್ನು, ಸರಿಸುತ್ತದೆ. ಇದು ಹೊಸ ಆವಿಷ್ಕಾರವೆಂದು ಹಲವರು ತಿಳಿದಿದ್ದಾರೆ, ಆದರೆ ವಾಸ್ತವದಲ್ಲಿ ಟ್ರ್ಯಾಕ್‌ಬಾಲ್ ಮೌಸ್‌ಗಿಂತ ಹಳೆಯದು. ಬ್ರಿಟಿಷ್ ನೌಕಾಪಡೆಯ ರೇಡಾರ್ ವ್ಯವಸ್ಥೆಗಾಗಿ ರಾಲ್ಫ್ ಬೆಂಜಮಿನ್ ಅವರು 1946ರಲ್ಲಿ ಇದರ ಮೊದಲ ರೂಪವನ್ನು ರಚಿಸಿದರು. ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಮೌಸ್ ಬಂದದ್ದು 1960ರ ದಶಕದಲ್ಲಿ.

ಸಾಧನ ಚಲಿಸದೇ ಇರುವುದರಿಂದ ಭುಜ ಮತ್ತು ಮೊಣಕೈಗಳ ಓಡಾಟ ಬಹಳ ಕಡಿಮೆಯಾಗುತ್ತದೆ, ಮೇಜಿನ ಮೇಲೆ ಜಾಗವೂ ಕಡಿಮೆ ಸಾಕು. ಇಕ್ಕಟ್ಟಾದ ಮೇಜಿನಲ್ಲಿ, ಊಟದ ಮೇಜಿನ ಒಂದು ಮೂಲೆಯಲ್ಲಿ, ಬಟ್ಟೆ ಹಾಸಿದ ಅಥವಾ ಗಾಜಿನ ಮೇಲ್ಮೈಯಲ್ಲಿಯೂ ಇದು ಒಂದೇ ರೀತಿ ಕೆಲಸ ಮಾಡುತ್ತದೆ. ಹಾಗೆಂದು ಇದು ಎಲ್ಲರಿಗೂ ಸಲ್ಲುವ ಸಾಧನವಲ್ಲ. ವೇಗದ ಆಟಗಳನ್ನು ಆಡುವವರಿಗೆ, ಪರದೆಯ ಮೇಲೆ ಚಿತ್ರ ಬಿಡಿಸುವವರಿಗೆ ಮತ್ತು ಒಂದೇ ಕಂಪ್ಯೂಟರನ್ನು ಮನೆಯವರೆಲ್ಲ ಹಂಚಿಕೊಳ್ಳುವಲ್ಲಿ ನಾನು ಟ್ರ್ಯಾಕ್‌ಬಾಲ್ ಸೂಚಿಸುವುದಿಲ್ಲ. ಬರವಣಿಗೆ, ಲೆಕ್ಕಪತ್ರ, ಇಮೇಲ್, ವೀಡಿಯೊ ಸಭೆ, ಪ್ರೋಗ್ರಾಮಿಂಗ್, ಉದ್ದನೆಯ ದಾಖಲೆಗಳ ಓದು ಇವೇ ನಿಮ್ಮ ದಿನದ ಕೆಲಸವಾಗಿದ್ದರೆ ಮುಂದೆ ಓದಿ.

ಹಂತ 1: ಹೆಬ್ಬೆರಳೋ, ಬೆರಳುಗಳೋ ಎಂಬುದನ್ನು ತೀರ್ಮಾನಿಸಿ

ಎಲ್ಲಕ್ಕಿಂತ ಮೊದಲ ತೀರ್ಮಾನ ಇದು. ಉಳಿದೆಲ್ಲ ಆಯ್ಕೆಗಳೂ ಇದರ ಮೇಲೆ ನಿಂತಿವೆ. ಮಾರುಕಟ್ಟೆಯಲ್ಲಿರುವ ಟ್ರ್ಯಾಕ್‌ಬಾಲ್‌ಗಳು ಎರಡು ಬಗೆಯವು.

ಮೊದಲನೆಯದು ಹೆಬ್ಬೆರಳಿನಿಂದ ಉರುಳಿಸುವಂಥದು. ನೋಡಲು ಇದು ಸಾಮಾನ್ಯ ಮೌಸ್‌ನಂತೆಯೇ ಇರುತ್ತದೆ; ಎಡ ಮತ್ತು ಬಲ ಗುಂಡಿಗಳು, ನಡುವಿನ ಸ್ಕ್ರೋಲ್ ಚಕ್ರ ಎಲ್ಲವೂ ನೀವು ಈಗಾಗಲೇ ಬಳಸಿ ಅಭ್ಯಾಸವಾಗಿರುವ ಸ್ಥಳಗಳಲ್ಲೇ ಇರುತ್ತವೆ, ಎಡಬದಿಯಲ್ಲಿ ಮಾತ್ರ ಹೆಬ್ಬೆರಳಿಗೆ ಒಂದು ಚೆಂಡು ಸೇರಿರುತ್ತದೆ. ಲಾಜಿಟೆಕ್‌ನ ಎಂ575, ಎಲೆಕಾಮ್‌ನ ಇಎಕ್ಸ್-ಜಿ, ಪ್ರೊಟೊಆರ್ಕ್ ಮತ್ತು ನುಲಿಯಾ ಕಂಪನಿಗಳ ಅಗ್ಗದ ಮಾದರಿಗಳಲ್ಲಿ ಹೆಚ್ಚಿನವು ಈ ಬಗೆಯವು. ಅಭ್ಯಾಸವಾಗಲು ಹೆಚ್ಚು ದಿನ ಬೇಕಿಲ್ಲ ಎನ್ನುವುದು ಇದರ ಮುಖ್ಯ ಅನುಕೂಲ. ಕ್ಲಿಕ್ ಮಾಡುವ ಬೆರಳು ಮತ್ತು ಚೆಂಡು ಉರುಳಿಸುವ ಬೆರಳು ಬೇರೆ ಬೇರೆಯಾಗಿರುವುದರಿಂದ, ಗುಂಡಿಯನ್ನು ಒತ್ತಿಹಿಡಿದು ಏನನ್ನಾದರೂ ಎಳೆಯುವ ಕೆಲಸವೂ ಸುಲಭ. ಕೊರತೆಯೆಂದರೆ ದಿನವಿಡೀ ಪಾಯಿಂಟರ್‌ನ ಭಾರವೆಲ್ಲ ಒಂದೇ ಬೆರಳಿನ ಮೇಲೆ ಬೀಳುತ್ತದೆ.

ಎರಡನೆಯದು ತೋರುಬೆರಳು, ಮಧ್ಯದ ಬೆರಳು ಮತ್ತು ಉಂಗುರ ಬೆರಳುಗಳಿಂದ ಉರುಳಿಸುವಂಥದು. ಇಲ್ಲಿ ಚೆಂಡು ದೊಡ್ಡದು, ಸಾಧನದ ಮಧ್ಯದಲ್ಲಿರುತ್ತದೆ; ಮುಖ್ಯ ಕ್ಲಿಕ್ ಗುಂಡಿ ಸಾಮಾನ್ಯವಾಗಿ ಹೆಬ್ಬೆರಳಿಗೆ ಬರುತ್ತದೆ. ಕೆನ್ಸಿಂಗ್‌ಟನ್‌ನ ಆರ್ಬಿಟ್ ಮತ್ತು ಎಕ್ಸ್‌ಪರ್ಟ್ ಮೌಸ್, ಎಲೆಕಾಮ್‌ನ ಡೆಫ್ಟ್ ಪ್ರೊ ಮತ್ತು ಹ್ಯೂಜ್ ಇದಕ್ಕೆ ಉದಾಹರಣೆಗಳು. ಕೆಲಸದ ಭಾರ ಹಲವು ಬೆರಳುಗಳಿಗೆ ಹಂಚಿಹೋಗುತ್ತದೆ, ಸಣ್ಣ ಗುರಿಗಳನ್ನು ನಿಖರವಾಗಿ ಮುಟ್ಟುವುದೂ ಸುಲಭ, ಏಕೆಂದರೆ ಹೆಬ್ಬೆರಳಿಗಿಂತ ತೋರುಬೆರಳು ಮತ್ತು ಮಧ್ಯದ ಬೆರಳುಗಳು ಸೂಕ್ಷ್ಮ ಚಲನೆಗೆ ಹೆಚ್ಚು ಒಗ್ಗಿವೆ. ಆದರೆ ಕೈಗೆ ಒಗ್ಗಲು ಹೆಚ್ಚು ಸಮಯ ಹಿಡಿಯುತ್ತದೆ, ಬೆಲೆಯೂ ಸಾಮಾನ್ಯವಾಗಿ ಮೇಲಿನ ಬಗೆಗಿಂತ ಹೆಚ್ಚು.

ನಿಮಗೆ ಯಾವುದು ಸರಿ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಮಾಡಬಹುದು. ಅಂಗೈಯನ್ನು ಮೇಜಿನ ಮೇಲೆ ಸಡಿಲವಾಗಿರಿಸಿ, ಮೌಸ್ ಹಿಡಿದ ಭಂಗಿಯಲ್ಲೇ ಹೆಬ್ಬೆರಳನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಒಂದೆರಡು ನಿಮಿಷ ಆಡಿಸಿ. ಹೆಬ್ಬೆರಳಿನ ಬುಡದಲ್ಲಿ ಅಥವಾ ಮಣಿಕಟ್ಟಿನ ಆ ಬದಿಯಲ್ಲಿ ಎಳೆತ ಕಂಡರೆ ಹೆಬ್ಬೆರಳಿನ ಟ್ರ್ಯಾಕ್‌ಬಾಲ್ ನಿಮಗಲ್ಲ.

ಎಚ್ಚರಿಕೆ: ಹೆಬ್ಬೆರಳಿನ ಸ್ನಾಯುರಜ್ಜುಗಳು ಮಣಿಕಟ್ಟಿನ ಬಳಿ ಊದಿಕೊಂಡು ನೋಯುವ ಸಮಸ್ಯೆಗೆ ವೈದ್ಯರು ಡಿ ಕ್ವೆರ್ವೈನ್ ತೊಂದರೆ ಎನ್ನುತ್ತಾರೆ. ಅದು ಹಿಂದೆ ಬಂದಿದ್ದವರು, ದಿನದ ಬಹುಭಾಗ ಫೋನಿನಲ್ಲಿ ಹೆಬ್ಬೆರಳಿನಿಂದಲೇ ಬರೆಯುವವರು, ಅಥವಾ ಹಸುಗೂಸನ್ನು ಎತ್ತಿಕೊಳ್ಳುವ ಕೆಲಸದಿಂದ ಈಗಾಗಲೇ ಹೆಬ್ಬೆರಳು ದಣಿದಿರುವ ತಾಯಂದಿರು ಬೆಲೆ ಎಷ್ಟೇ ಆಕರ್ಷಕವಾಗಿದ್ದರೂ ಬೆರಳುಗಳಿಂದ ಉರುಳಿಸುವ ಬಗೆಯನ್ನೇ ಆರಿಸಿಕೊಳ್ಳುವುದು ಕ್ಷೇಮ. ಪೆಟ್ಟಿಗೆಯ ಮೇಲೆ “ಎರ್ಗೊನಾಮಿಕ್”, ಅಂದರೆ ದೇಹಕ್ಕೆ ಹೊಂದುವಂತೆ ರೂಪಿಸಿದ್ದು, ಎಂದು ಬರೆದಿರುವ ಮಾತ್ರಕ್ಕೆ ಅದು ನಿಮ್ಮ ನೋವಿಗೆ ಚಿಕಿತ್ಸೆಯಾಗುವುದಿಲ್ಲ. ಮಣಿಕಟ್ಟಿನ ಭಾರವನ್ನು ಅದು ಇಳಿಸಬಹುದು, ಆದರೆ ಅದೇ ಭಾರವನ್ನು ಇನ್ನೊಂದು ಕಡೆಗೆ ಸಾಗಿಸಲೂಬಹುದು.

ಹಂತ 2: ಕೈಯ ಅಳತೆ, ಓರೆ ಮತ್ತು ಎಡಗೈ–ಬಲಗೈ

ಮಣಿಕಟ್ಟಿನ ಗೆರೆಯಿಂದ ಮಧ್ಯದ ಬೆರಳಿನ ತುದಿಯವರೆಗೆ ಅಳತೆಪಟ್ಟಿಯಿಂದ ಅಳೆದು ಬರೆದಿಟ್ಟುಕೊಳ್ಳಿ. ಅನಂತರ ನೀವು ನೋಡುತ್ತಿರುವ ಮಾದರಿಯ ಉದ್ದ, ಅಗಲ, ಎತ್ತರಗಳನ್ನು ವಿವರಪಟ್ಟಿಯಲ್ಲಿ ನೋಡಿ, ಅದೇ ಅಳತೆಗೆ ಒಂದು ರಟ್ಟಿನ ಅಥವಾ ಮಡಿಸಿದ ಬಟ್ಟೆಯ ದಿಂಡನ್ನು ಮಾಡಿ ಅದರ ಮೇಲೆ ಕೈಯಿಟ್ಟು ನೋಡಿ. ಅತಿ ಸರಳವೆನಿಸಿದರೂ ಚಿತ್ರ ನೋಡಿ ಊಹಿಸುವುದಕ್ಕಿಂತ ಇದು ಎಷ್ಟೋ ಉತ್ತಮ. ಸಣ್ಣ ಕೈಯವರಿಗೆ ಕಾಡುವ ಸಾಮಾನ್ಯ ತೊಂದರೆಯೆಂದರೆ ಹೆಬ್ಬೆರಳು ಚೆಂಡಿನ ಮೇಲಿದ್ದಾಗ ಉಂಗುರ ಬೆರಳು ಮತ್ತು ಕಿರುಬೆರಳುಗಳಿಗೆ ನೆಲೆ ಸಿಗದಿರುವುದು. ದೊಡ್ಡ ಕೈಯವರಿಗೆ ಹೆಬ್ಬೆರಳು ಮಡಚಿಕೊಂಡೇ ಇರಬೇಕಾಗುವುದು. ಎರಡೂ ಸ್ಥಿತಿಗಳಲ್ಲಿ ಕೈ ಬಿಗಿಯಾಗಿಯೇ ಇರುತ್ತದೆ.

ಕೆಲವು ಮಾದರಿಗಳನ್ನು ಸುಮಾರು 20 ಡಿಗ್ರಿಯಷ್ಟು ಓರೆಯಾಗಿ ನಿಲ್ಲಿಸಬಹುದು. ಅಂಗೈಯನ್ನು ಪೂರ್ತಿ ನೆಲಮುಖವಾಗಿ ಇರಿಸಿದಾಗ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ತಿರುಚಿಕೊಳ್ಳುತ್ತವೆ, ಓರೆಯಾಗಿಟ್ಟಾಗ ಆ ತಿರುಚುವಿಕೆ ಕಡಿಮೆಯಾಗುತ್ತದೆ. ಮೊದಲು ದುಬಾರಿ ಮಾದರಿಗಳಲ್ಲಿ ಮಾತ್ರ ಇದ್ದ ಈ ಸೌಲಭ್ಯ ಈಗ ಅಗ್ಗದ ಕೆಲವು ಮಾದರಿಗಳಲ್ಲೂ ದೊರೆಯುತ್ತದೆ. ಮುಂಗೈ ನೋವಿರುವವರು ಇದಕ್ಕಾಗಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇತರರಿಗೆ ಇದು ಅನಿವಾರ್ಯವಲ್ಲ.

ಎಡಗೈ ಬಳಸುವವರು ಎಚ್ಚರದಿಂದ ನೋಡಬೇಕು. ಹೆಬ್ಬೆರಳಿನ ಟ್ರ್ಯಾಕ್‌ಬಾಲ್‌ಗಳಲ್ಲಿ ಬಹುಪಾಲು ಬಲಗೈಯವರಿಗಷ್ಟೇ ತಯಾರಾಗುತ್ತವೆ. ಎಲೆಕಾಮ್ ತನ್ನ ಇಎಕ್ಸ್-ಜಿಯ ಎಡಗೈ ರೂಪವನ್ನೂ ತಯಾರಿಸಿರುವುದು ಅಪರೂಪದ ಉದಾಹರಣೆ. ಕೆನ್ಸಿಂಗ್‌ಟನ್‌ನ ಆರ್ಬಿಟ್ ಮತ್ತು ಎಕ್ಸ್‌ಪರ್ಟ್ ಮೌಸ್‌ಗಳು ಎರಡೂ ಬದಿಗೆ ಸಮಾನವಾದ ಆಕಾರದವಾದ್ದರಿಂದ ಯಾವ ಕೈಗಾದರೂ ಸಲ್ಲುತ್ತವೆ. ಬಲಗೈಯವರೂ ಈ ಸಮಾನ ಆಕಾರದ ಸಾಧನವನ್ನು ಕೊಂಡು, ಬೆಳಿಗ್ಗೆ ಒಂದು ಕೈ, ಮಧ್ಯಾಹ್ನ ಇನ್ನೊಂದು ಕೈ ಎಂದು ಬದಲಿಸಿಕೊಳ್ಳಬಹುದು. ದೀರ್ಘ ಗಂಟೆಗಳ ಕೆಲಸದಲ್ಲಿ ಇದು ನಿಜಕ್ಕೂ ಉಪಕಾರಿ.

ಹಂತ 3: ಚೆಂಡನ್ನೂ ಅದು ಕುಳಿತಿರುವ ಮಣಿಗಳನ್ನೂ ಪರಿಶೀಲಿಸಿ

ಟ್ರ್ಯಾಕ್‌ಬಾಲ್‌ನ ಗುಣಮಟ್ಟವೆಲ್ಲ ಇಲ್ಲಿದೆ. ಜಾಹೀರಾತುಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಇರುವುದಿಲ್ಲ ಎಂಬ ಕಾರಣಕ್ಕೆ ನೀವೇ ಹುಡುಕಿ ತಿಳಿದುಕೊಳ್ಳಬೇಕಾಗುತ್ತದೆ.

ಚೆಂಡನ್ನು ಹೊರತೆಗೆದು ಅದರ ಗುಳಿಯೊಳಗೆ ನೋಡಿದರೆ, ಸಾಮಾನ್ಯವಾಗಿ ಮೂರು ಕಡೆ ಸಾಸಿವೆಗಿಂತ ತುಸು ದೊಡ್ಡದಾದ ಗಟ್ಟಿ ಮಣಿಗಳು ಕಾಣುತ್ತವೆ. ಚೆಂಡು ನಿಂತಿರುವುದು ಈ ಮೂರು ಬಿಂದುಗಳ ಮೇಲೆ ಮಾತ್ರ. ಉಕ್ಕು, ಸೆರಾಮಿಕ್ ಅಥವಾ ಕೃತಕ ಮಾಣಿಕ್ಯದಿಂದ ಮಾಡಿದ ಈ ಮಣಿಗಳು ನುಣುಪಾಗಿದ್ದು ಸಮನಾಗಿ ಕೂತಿದ್ದರೆ ಚೆಂಡು ಹಗುರವಾಗಿ ಉರುಳುತ್ತದೆ. ಒರಟಾಗಿದ್ದರೆ ಅಥವಾ ಒಂದು ಮಣಿ ತುಸು ತಗ್ಗಿದ್ದರೆ, ನಿಂತ ಚೆಂಡು ಹೊರಡುವಾಗ ಒಂದು ಕ್ಷಣ ಹಿಡಿದಂತಾಗಿ ಅನಂತರ ತಟ್ಟನೆ ಜಾರುತ್ತದೆ. ಈ ಆರಂಭದ ಬಿಗಿತವೇ ಅಗ್ಗದ ಟ್ರ್ಯಾಕ್‌ಬಾಲ್‌ನ ಮುಖ್ಯ ದೋಷ. ದೊಡ್ಡ ಚಲನೆಯಲ್ಲಿ ಅದು ಗೊತ್ತಾಗುವುದೇ ಇಲ್ಲ, ಆದರೆ ಎರಡು ಅಕ್ಷರಗಳ ನಡುವೆ ಕರ್ಸರ್ ಇಡಬೇಕಾದಾಗ, ಅಥವಾ ಲೆಕ್ಕಪತ್ರದ ಕಾಲಂ ಗೆರೆಯನ್ನು ಹಿಡಿದು ಅಗಲಿಸಬೇಕಾದಾಗ ಪಾಯಿಂಟರ್ ಗುರಿಯನ್ನು ದಾಟಿ ಹೋಗುತ್ತದೆ. ಬಳಕೆದಾರರ ಅನಿಸಿಕೆಗಳನ್ನು ಓದುವಾಗ “ಚೆಂಡು ಅಂಟಿದಂತಾಗುತ್ತದೆ”, “ಸಣ್ಣ ಚಲನೆ ಕಷ್ಟ” ಎಂಬರ್ಥದ ಮಾತುಗಳು ಮತ್ತೆ ಮತ್ತೆ ಬಂದರೆ ಆ ಮಾದರಿಯನ್ನು ಕೈಬಿಡಿ. ಆದರೆ ಹೊಚ್ಚಹೊಸ ಚೆಂಡು ಮೊದಲ ಕೆಲವು ದಿನ ತುಸು ಬಿಗಿಯಾಗಿರುವುದು ಸಹಜ. ಬೆರಳಿನ ಚರ್ಮದ ಎಣ್ಣೆಯಂಶ ಮೇಲ್ಮೈಗೆ ಹರಡಿದ ಮೇಲೆ ಅದು ಸಡಿಲವಾಗುತ್ತದೆ.

ಚೆಂಡಿನ ಗಾತ್ರವನ್ನೂ ಗಮನಿಸಿ. ಹೆಬ್ಬೆರಳಿನ ಮಾದರಿಗಳಲ್ಲಿ 34 ಮಿಲಿಮೀಟರ್ ವ್ಯಾಸದ ಚೆಂಡು ಬಹುತೇಕ ರೂಢಿಯಾಗಿದೆ. ಬೆರಳುಗಳ ಮಾದರಿಗಳಲ್ಲಿ ಆರ್ಬಿಟ್‌ನದು 40, ಡೆಫ್ಟ್ ಪ್ರೊದ್ದು 44, ಹ್ಯೂಜ್‌ನದು 52, ಎಕ್ಸ್‌ಪರ್ಟ್ ಮೌಸ್‌ನದು 55 ಮಿಲಿಮೀಟರ್. ಚೆಂಡು ದೊಡ್ಡದಾದಷ್ಟೂ ಒಂದು ಸುತ್ತಿಗೆ ಅದರ ಮೇಲ್ಮೈ ಹೆಚ್ಚು ದೂರ ಸಾಗುತ್ತದೆ, ಹಾಗಾಗಿ ಬೆರಳಿಗೆ ಹಿಡಿತ ಹೆಚ್ಚು. ರೂಢಿಯ ಗಾತ್ರದ ಚೆಂಡಿರುವ ಸಾಧನ ಕೊಳ್ಳುವುದರ ಇನ್ನೊಂದು ಲಾಭವೆಂದರೆ, ಚೆಂಡು ಕಳೆದುಹೋದರೆ ಅಥವಾ ಗೀರು ಬಿದ್ದರೆ ಬದಲಿ ಚೆಂಡು ಪ್ರತ್ಯೇಕವಾಗಿ ಸಿಗುತ್ತದೆ. 34 ಮಿಲಿಮೀಟರ್ ಚೆಂಡುಗಳನ್ನು ಪೆರಿಕ್ಸ್‌ನಂಥ ಕಂಪನಿಗಳು ಬಿಡಿಯಾಗಿಯೂ ಮಾರುತ್ತವೆ. ಬದಲಿ ಚೆಂಡು ಕೊಳ್ಳುವಾಗ ಗಾತ್ರದ ಜೊತೆಗೆ ಮೇಲ್ಮೈಯನ್ನೂ ಹೋಲಿಸಿ, ಏಕೆಂದರೆ ಕೆಲವು ಸೆನ್ಸರ್‌ಗಳು ಚೆಂಡಿನ ಮೇಲಿನ ಚುಕ್ಕೆಗಳನ್ನು ನೋಡಿಯೇ ಚಲನೆ ಗುರುತಿಸುತ್ತವೆ. ಚುಕ್ಕೆಯಿಲ್ಲದ ನುಣುಪು ಚೆಂಡು ಅಲ್ಲಿ ಕೆಲಸ ಮಾಡದಿರಬಹುದು.

ಚೆಂಡನ್ನು ಸುಲಭವಾಗಿ ಹೊರತೆಗೆಯಲು ಬರುತ್ತದೆಯೇ ಎಂಬುದು ಕಡ್ಡಾಯವಾಗಿ ಕೇಳಬೇಕಾದ ಪ್ರಶ್ನೆ. ಒಳ್ಳೆಯ ಮಾದರಿಗಳಲ್ಲಿ ತಳದಲ್ಲೊಂದು ತೂತಿರುತ್ತದೆ. ಪೆನ್ಸಿಲ್‌ನ ಹಿಂತುದಿಯಿಂದ ಒತ್ತಿದರೆ ಚೆಂಡು ಹೊರಬರುತ್ತದೆ. ಸ್ಕ್ರೂ ಬಿಚ್ಚದೆ ಚೆಂಡು ತೆಗೆಯಲಾಗದ ಸಾಧನವನ್ನು ಉಚಿತವಾಗಿ ಕೊಟ್ಟರೂ ಬೇಡವೆನ್ನುವುದೇ ಸರಿ, ಏಕೆಂದರೆ ಶುಚಿಗೊಳಿಸದ ಟ್ರ್ಯಾಕ್‌ಬಾಲ್ ಕೆಲವೇ ವಾರಗಳಲ್ಲಿ ಕುಂಟತೊಡಗುತ್ತದೆ.

ಡಿಪಿಐ ಎಂಬ ಸಂಖ್ಯೆಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಚೆಂಡಿನ ಮೇಲ್ಮೈ ಒಂದು ಅಂಗುಲ ಉರುಳಿದಾಗ ಸೆನ್ಸರ್ ಕಂಪ್ಯೂಟರಿಗೆ ಎಷ್ಟು ಎಣಿಕೆಗಳನ್ನು ಕಳುಹಿಸುತ್ತದೆ ಎಂಬುದೇ ಡಿಪಿಐ. 34 ಮಿಲಿಮೀಟರ್ ಚೆಂಡಿನ ಸುತ್ತಳತೆ ಸುಮಾರು 107 ಮಿಲಿಮೀಟರ್, ಅಂದರೆ 4.2 ಅಂಗುಲ. ಹೆಬ್ಬೆರಳು ಒಂದು ಬೀಸಿಗೆ ಅದರ ಮೂರನೆಯ ಒಂದು ಭಾಗದಷ್ಟು ಉರುಳಿಸಿತೆನ್ನಿ, ಅದು ಸುಮಾರು 1.4 ಅಂಗುಲ. 1,400 ಡಿಪಿಐ ಇದ್ದರೆ ಆ ಒಂದು ಬೀಸಿನಲ್ಲಿ ಪಾಯಿಂಟರ್ 1,920 ಬಿಂದು ಅಗಲದ ಪರದೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿಬಿಡುತ್ತದೆ. ಹೀಗಿರುವಾಗ ಕಚೇರಿ ಕೆಲಸಕ್ಕೆ 400ರಿಂದ 1,600ರವರೆಗಿನ ವ್ಯಾಪ್ತಿ ಧಾರಾಳವಾಗಿ ಸಾಕು. ಎರಡು ಪರದೆ ಅಥವಾ 4ಕೆ ಪರದೆ ಇದ್ದವರಿಗೆ 2,000 ಇದ್ದರೆ ಒಳ್ಳೆಯದು. ಅದಕ್ಕಿಂತ ದೊಡ್ಡ ಸಂಖ್ಯೆಗಳಿಗೆ ಹಣ ಕೊಡುವ ಅಗತ್ಯವಿಲ್ಲ.

ಹಂತ 4: ಸಂಪರ್ಕದ ಬಗೆಯನ್ನು ನಿಮ್ಮ ಕಂಪ್ಯೂಟರಿಗೆ ಹೊಂದಿಸಿ

ವೈರ್‌ಲೆಸ್ ಎಂಬ ಒಂದೇ ಪದದಡಿ ಎರಡು ವ್ಯವಸ್ಥೆಗಳಿವೆ. ಒಂದು, ಯುಎಸ್‌ಬಿ ಕಿಂಡಿಗೆ ಚುಚ್ಚುವ ಪುಟ್ಟ ರಿಸೀವರ್. ಬಳಕೆಯಲ್ಲಿ ಇದನ್ನು ಡಾಂಗಲ್ ಎಂದೂ ಕರೆಯುತ್ತಾರೆ. ಇನ್ನೊಂದು, ಕಂಪ್ಯೂಟರಿನೊಳಗೇ ಇರುವ ಬ್ಲೂಟೂತ್. ಎರಡೂ 2.4 ಗಿಗಾಹರ್ಟ್ಸ್ ಆವರ್ತನದ ಪಟ್ಟಿಯಲ್ಲೇ ಕೆಲಸ ಮಾಡುತ್ತವೆ.

ರಿಸೀವರ್ ಇರುವ ಸಾಧನ ಚುಚ್ಚಿದ ಕೂಡಲೇ ಕೆಲಸ ಮಾಡುತ್ತದೆ, ಕಂಪ್ಯೂಟರ್ ಪೂರ್ತಿ ಆರಂಭವಾಗುವ ಮುನ್ನ ಬರುವ ಸೆಟ್ಟಿಂಗ್ ಪರದೆಯಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ಬ್ಲೂಟೂತ್ ಒಂದು ಕಿಂಡಿಯನ್ನು ಉಳಿಸುತ್ತದೆ, ಟ್ಯಾಬ್ಲೆಟ್ ಮತ್ತು ಫೋನುಗಳಿಗೂ ಜೋಡಿಸಬಹುದು, ಆದರೆ ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ನಿದ್ರಾಸ್ಥಿತಿಯಿಂದ ಎದ್ದಾಗ ಮರುಸಂಪರ್ಕಕ್ಕೆ ತಡವಾಗುತ್ತದೆ. ನನ್ನ ಸಲಹೆ: ಬೆಲೆಯ ವ್ಯತ್ಯಾಸ ಅಲ್ಪವಾಗಿದ್ದರೆ ಎರಡೂ ಇರುವ ಮಾದರಿಯನ್ನೇ ಕೊಳ್ಳಿ. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪ್ ಒಂದು, ಸ್ವಂತದ ಕಂಪ್ಯೂಟರ್ ಇನ್ನೊಂದು ಎಂಬ ಸ್ಥಿತಿ ಮನೆಯಿಂದ ಕೆಲಸ ಮಾಡುವವರಲ್ಲಿ ಸಾಮಾನ್ಯ. ಗುಂಡಿಯೊಂದನ್ನು ಒತ್ತಿ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಸೌಲಭ್ಯವಿದ್ದರೆ ಎರಡಕ್ಕೂ ಒಂದೇ ಟ್ರ್ಯಾಕ್‌ಬಾಲ್ ಸಾಕಾಗುತ್ತದೆ.

ಕೊಳ್ಳುವ ಮುನ್ನ ಕಚೇರಿಯ ತಾಂತ್ರಿಕ ವಿಭಾಗವನ್ನು ಮೂರು ವಿಷಯ ಕೇಳಿ: ಹೊರಗಿನ ಯುಎಸ್‌ಬಿ ಸಾಧನಗಳಿಗೆ ಅನುಮತಿ ಇದೆಯೇ, ಬ್ಲೂಟೂತ್ ತೆರೆದಿದೆಯೇ, ಮೌಸ್‌ನ ತಂತ್ರಾಂಶ ಅಳವಡಿಸಿಕೊಳ್ಳಬಹುದೇ? ಇದನ್ನು ಕೇಳದೆ ಕೊಂಡು, ಅನಂತರ ಮೂರೂ ಮುಚ್ಚಿವೆಯೆಂದು ತಿಳಿದು ಹಿಂದಿರುಗಿಸುವವರು ಬಹಳ ಮಂದಿ.

ರಿಸೀವರ್‌ಗೆ ಸಂಬಂಧಿಸಿದ ಎಚ್ಚರಿಕೆಗಳು ಹಲವು. ಯುಎಸ್‌ಬಿ 3.0 ಎಂಬ ವೇಗದ ಪೀಳಿಗೆಯ ಕಿಂಡಿಗಳು ಮತ್ತು ಅವುಗಳಿಗೆ ಜೋಡಿಸಿದ ಹಾರ್ಡ್ ಡಿಸ್ಕ್‌ನಂಥ ಸಾಧನಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸದ್ದುಗದ್ದಲವನ್ನು, ಅಂದರೆ ಬೇಡದ ವಿದ್ಯುತ್ಕಾಂತೀಯ ಅಲೆಗಳನ್ನು, ಹೊರಡಿಸುತ್ತವೆ ಎಂಬುದನ್ನು ಇಂಟೆಲ್ ಕಂಪನಿ 2012ರಲ್ಲೇ ವಿವರಿಸಿದೆ. ಪಾಯಿಂಟರ್ ಆಗಾಗ ತಡವರಿಸಿದರೆ ಸಾಧನ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ ರಿಸೀವರನ್ನು ಯುಎಸ್‌ಬಿ 2.0 ಕಿಂಡಿಗೆ ಬದಲಾಯಿಸಿ, ಅಥವಾ ಒಂದು ಸಣ್ಣ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅದನ್ನು ಟ್ರ್ಯಾಕ್‌ಬಾಲ್ ಹತ್ತಿರಕ್ಕೆ ತನ್ನಿ. ಬಹಳಷ್ಟು ದೂರುಗಳು ಇಷ್ಟರಿಂದಲೇ ಪರಿಹಾರವಾಗುತ್ತವೆ. ಅಗ್ಗದ ಬ್ರ್ಯಾಂಡುಗಳ ರಿಸೀವರ್ ಕಳೆದುಹೋದರೆ ಬೇರೆಯದು ಸಿಗುವುದು ಕಷ್ಟ, ಹಾಗಾಗಿ ಅದನ್ನು ಇಟ್ಟುಕೊಳ್ಳಲು ಸಾಧನದೊಳಗೇ ಗೂಡಿದೆಯೇ ನೋಡಿ. ಲಾಜಿಟೆಕ್‌ನಲ್ಲಿ ಹಳೆಯ ಯೂನಿಫೈಯಿಂಗ್ ಮತ್ತು 2021ರಲ್ಲಿ ಬಂದ ಬೋಲ್ಟ್ ಎಂಬ ಎರಡು ಪೀಳಿಗೆಯ ರಿಸೀವರ್‌ಗಳಿವೆ. ಒಂದರ ಸಾಧನ ಇನ್ನೊಂದಕ್ಕೆ ಜೋಡಣೆಯಾಗುವುದಿಲ್ಲ. ನಿಮ್ಮಲ್ಲಿರುವ ಕೀಬೋರ್ಡಿನ ರಿಸೀವರನ್ನೇ ಟ್ರ್ಯಾಕ್‌ಬಾಲ್‌ಗೂ ಬಳಸುವ ಯೋಚನೆ ಇದ್ದರೆ ಇದನ್ನು ಮೊದಲೇ ಖಚಿತಪಡಿಸಿಕೊಳ್ಳಿ.

ಸುರಕ್ಷತೆಯ ವಿಷಯವೂ ಇದೆ. 2016ರಲ್ಲಿ ಬ್ಯಾಸ್ಟಿಲ್ ಎಂಬ ಸಂಸ್ಥೆಯ ಸಂಶೋಧಕರು, ಬ್ಲೂಟೂತ್ ಅಲ್ಲದ ಹಲವು ಬ್ರ್ಯಾಂಡುಗಳ ರಿಸೀವರ್‌ಗಳಿಗೆ ದೂರದಿಂದಲೇ ಸುಳ್ಳು ಕೀಲಿ ಒತ್ತುಗಳನ್ನು ಕಳುಹಿಸಬಹುದೆಂದು ತೋರಿಸಿದರು. ಅದಕ್ಕೆ ಮೌಸ್‌ಜ್ಯಾಕ್ ಎಂಬ ಹೆಸರು ಬಂತು. ಗೋಪ್ಯ ದಾಖಲೆಗಳೊಂದಿಗೆ ಕೆಲಸ ಮಾಡುವವರು ಹಳೆಯ ದಾಸ್ತಾನಿನ, ಹೆಸರೇ ಕೇಳದ ಬ್ರ್ಯಾಂಡಿನ ರಿಸೀವರ್ ಸಾಧನಗಳ ಬದಲು ಬ್ಲೂಟೂತ್ ಅಥವಾ ಎನ್‌ಕ್ರಿಪ್ಷನ್ ಇದೆಯೆಂದು, ಅಂದರೆ ಸಂಕೇತಗಳನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸುತ್ತದೆಂದು, ಸ್ಪಷ್ಟವಾಗಿ ಹೇಳಿರುವ ಮಾದರಿಯನ್ನು ಆರಿಸಿಕೊಳ್ಳುವುದು ಲೇಸು.

ಹಂತ 5: ಬ್ಯಾಟರಿ

ಇದರಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಚೆಂಡಿನ ಚಲನೆ ಓದಲು ಬೇಕಾದ ವಿದ್ಯುತ್ ಅತ್ಯಲ್ಪ. ಎಂ575 ಒಂದೇ ಎಎ ಗಾತ್ರದ ಬ್ಯಾಟರಿಯಲ್ಲಿ ರಿಸೀವರ್ ಮೂಲಕ 24 ತಿಂಗಳವರೆಗೆ ನಡೆಯುತ್ತದೆಂದು ಕಂಪನಿ ಹೇಳಿಕೊಳ್ಳುತ್ತದೆ. ಅದರ ಅರ್ಧ ನಡೆದರೂ ತೃಪ್ತಿಕರವೇ. ಬದಲಾಯಿಸಬಹುದಾದ ಬ್ಯಾಟರಿಯ ಸಾಧನವನ್ನು ನಾನು ಇಷ್ಟಪಡುತ್ತೇನೆ, ಏಕೆಂದರೆ ಒಳಗೇ ಮುಚ್ಚಿರುವ ಚಾರ್ಜಬಲ್ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗಿದಾಗ ಇಡೀ ಸಾಧನವನ್ನೇ ಎಸೆಯುವಂತಾಗುತ್ತದೆ. ಚಾರ್ಜ್ ಮಾಡುವ ಮಾದರಿಯನ್ನೇ ಕೊಳ್ಳುವುದಾದರೆ ಕಿಂಡಿ ಯುಎಸ್‌ಬಿ-ಸಿ ಆಗಿರಲಿ, ಚಾರ್ಜ್ ಆಗುತ್ತಿರುವಾಗಲೂ ಬಳಸಲು ಬರುತ್ತದೆಯೇ ಎಂಬುದನ್ನು ನೋಡಿ. ಕೆಲವು ಅಗ್ಗದ ಮಾದರಿಗಳು ವಿದ್ಯುತ್ ಉಳಿಸಲು ಸ್ವಲ್ಪ ಹೊತ್ತಿಗೇ ನಿದ್ರಿಸಿ, ಗುಂಡಿ ಒತ್ತುವವರೆಗೂ ಏಳುವುದಿಲ್ಲ; ಓದುತ್ತಾ ಕೂರುವ ಕೆಲಸದವರಿಗೆ ಇದು ಪ್ರತಿದಿನದ ಕಿರಿಕಿರಿಯಾಗುತ್ತದೆ.

ಹಂತ 6: ಗುಂಡಿ, ಸ್ಕ್ರೋಲ್ ಮತ್ತು ತಂತ್ರಾಂಶ

ಎಡ, ಬಲ, ನಡುವಿನ ಕ್ಲಿಕ್, ಜೊತೆಗೆ ಬ್ರೌಸರಿನಲ್ಲಿ ಹಿಂದಿನ ಮತ್ತು ಮುಂದಿನ ಪುಟಕ್ಕೆ ಹೋಗುವ ಎರಡು ಗುಂಡಿಗಳು ಇದ್ದರೆ ಕಚೇರಿ ಕೆಲಸಕ್ಕೆ ಕೊರತೆಯಿಲ್ಲ. ಅದಕ್ಕಿಂತ ಹೆಚ್ಚು ಗುಂಡಿಗಳಿದ್ದರೆ ತಪ್ಪಿ ಒತ್ತುವ ಸಂದರ್ಭಗಳೇ ಹೆಚ್ಚುತ್ತವೆ. ಮ್ಯಾಕ್ ಬಳಸುವವರು ಗಮನಿಸಬೇಕಾದದ್ದು, ಹಿಂದೆ–ಮುಂದೆ ಗುಂಡಿಗಳು ಅಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ತಂತ್ರಾಂಶವಿಲ್ಲದೆ ಕೆಲಸ ಮಾಡುವುದಿಲ್ಲ.

ಸ್ಕ್ರೋಲ್ ಮಾಡುವ ವಿಧಾನವನ್ನು ಮಾತ್ರ ಖಂಡಿತ ಪರಿಶೀಲಿಸಿ, ಏಕೆಂದರೆ ದಿನವಿಡೀ ನಾವು ಪದೇ ಪದೇ ಮಾಡುವ ಕೆಲಸ ಅದು. ಹೆಬ್ಬೆರಳಿನ ಮಾದರಿಗಳಲ್ಲಿ ರೂಢಿಯ ಚಕ್ರವಿರುತ್ತದೆ. ಕೆನ್ಸಿಂಗ್‌ಟನ್‌ನ ಎಕ್ಸ್‌ಪರ್ಟ್ ಮೌಸ್‌ನಲ್ಲಿ ಚೆಂಡಿನ ಸುತ್ತ ತಿರುಗುವ ಬಳೆಯಿದೆ. ಅದೇ ಕಂಪನಿಯ ಸ್ಲಿಮ್‌ಬ್ಲೇಡ್‌ನಲ್ಲಿ ಚೆಂಡನ್ನೇ ಅಡ್ಡಡ್ಡಕ್ಕೆ ತಿರುಚಿದರೆ ಪುಟ ಸರಿಯುತ್ತದೆ. ಚಕ್ರವೂ ಬಳೆಯೂ ಇಲ್ಲದ ಮಾದರಿಗಳು ಅಗ್ಗವಾಗಿ ಕಂಡರೂ ಉದ್ದನೆಯ ದಾಖಲೆ ಓದುವವರಿಗೆ ಅವು ಬೇಡ.

ತಂತ್ರಾಂಶ ಅಳವಡಿಸಲು ಅನುಮತಿ ಇಲ್ಲದ ಕಂಪ್ಯೂಟರ್ ನಿಮ್ಮದಾಗಿದ್ದರೆ, ಡಿಪಿಐ ಬದಲಿಸುವ ಗುಂಡಿ ಸಾಧನದ ಮೇಲೇ ಇರುವ ಮಾದರಿ ಬೇಕು.

ಹಂತ 7: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಬಣ್ಣದ ದೀಪ, ಹೆಚ್ಚುವರಿ ಗುಂಡಿ, ದೊಡ್ಡ ಡಿಪಿಐ, ಲೋಹದ ಹೊರಕವಚ, ರಬ್ಬರಿನಂಥ ಮೃದು ಲೇಪ ಇವೆಲ್ಲವನ್ನೂ ನಿಶ್ಚಿಂತೆಯಿಂದ ಬಿಟ್ಟುಬಿಡಿ. ಮೃದು ಲೇಪವಂತೂ ಕೆಲವು ವರ್ಷಗಳಲ್ಲಿ ಜಿಗುಟಾಗುವ ಸಂಭವವಿರುವುದರಿಂದ ಒರಟು ಪ್ಲಾಸ್ಟಿಕ್ಕೇ ಲೇಸು. ಉಳಿಸಬಾರದ ಜಾಗವೆಂದರೆ ಕ್ಲಿಕ್ ಗುಂಡಿಯ ಅಡಿಯಲ್ಲಿರುವ ಸ್ವಿಚ್. ಅದರೊಳಗಿನ ಲೋಹದ ಪಟ್ಟಿ ಸವೆದಾಗ ಒಮ್ಮೆ ಒತ್ತಿದರೆ ಎರಡು ಬಾರಿ ಕ್ಲಿಕ್ ಆಗುತ್ತದೆ, ಎಳೆಯುತ್ತಿದ್ದ ಕಡತ ನಡುದಾರಿಯಲ್ಲೇ ಬಿದ್ದುಹೋಗುತ್ತದೆ. ಮೌಸ್‌ಗಳು ಕೆಡುವ ಸಾಮಾನ್ಯ ಬಗೆ ಇದೇ. ಆದ್ದರಿಂದ ವಾರಂಟಿಯ ಅವಧಿಯನ್ನು ಬೆಲೆಯ ಭಾಗವೆಂದೇ ಎಣಿಸಿ: ಬೆಲೆಯನ್ನು ವಾರಂಟಿಯ ತಿಂಗಳುಗಳಿಂದ ಭಾಗಿಸಿ ನೋಡಿದರೆ, ಅಗ್ಗವೆಂದು ಕಂಡ ಸಾಧನ ಎಷ್ಟೋ ಸಲ ದುಬಾರಿಯಾಗಿ ತೋರುತ್ತದೆ.

ಅನಿಸಿಕೆಗಳನ್ನು ಓದುವಾಗ ಕೊಂಡ ವಾರವೇ ಬರೆದ ಹೊಗಳಿಕೆಗಳನ್ನು ಬದಿಗಿಟ್ಟು, ಆರು ತಿಂಗಳು ಅಥವಾ ವರ್ಷ ಬಳಸಿ ಬರೆದವರ ಮಾತನ್ನು ಹುಡುಕಿ. ಹಳೆಯದನ್ನು ಕೊಳ್ಳುವುದೂ ಒಳ್ಳೆಯ ದಾರಿಯೇ, ಏಕೆಂದರೆ ಟ್ರ್ಯಾಕ್‌ಬಾಲ್ ತನ್ನ ಕೈಗೆ ಒಗ್ಗಲಿಲ್ಲವೆಂದು ಕೆಲವೇ ದಿನಗಳಲ್ಲಿ ಮಾರುವವರು ಇರುತ್ತಾರೆ. ಹಾಗೆ ಕೊಳ್ಳುವಾಗ ರಿಸೀವರ್ ಜೊತೆಗಿದೆಯೇ, ಬ್ಯಾಟರಿ ಗೂಡಿನಲ್ಲಿ ಹಸಿರು ಅಥವಾ ಬಿಳಿ ಕಿಲುಬು ಕಟ್ಟಿದೆಯೇ, ಎರಡು ಬಾರಿ ಕ್ಲಿಕ್ ಆಗುವ ದೋಷವಿದೆಯೇ ಎಂದು ಪರೀಕ್ಷಿಸಿ.

ಹಂತ 8: ಬಂದ ಮೇಲೆ ಹಿಂದಿರುಗಿಸುವ ಅವಧಿಯೊಳಗೆ ಮಾಡಬೇಕಾದದ್ದು

ಪೆಟ್ಟಿಗೆಯನ್ನೂ ರಸೀದಿಯನ್ನೂ ಎತ್ತಿಡಿ. ಮೇಜಿನ ಮೇಲೆ ಟ್ರ್ಯಾಕ್‌ಬಾಲ್ ಅನ್ನು ಕೀಬೋರ್ಡಿಗೆ ತಾಗುವಷ್ಟು ಹತ್ತಿರ ಇರಿಸಿ, ಮೊಣಕೈ ಹೆಚ್ಚುಕಡಿಮೆ ಲಂಬಕೋನದಲ್ಲಿ ಬಾಗಿ ದೇಹದ ಪಕ್ಕದಲ್ಲೇ ಇರುವಂತೆ ಕುರ್ಚಿಯ ಎತ್ತರ ಹೊಂದಿಸಿ. ದೂರದಲ್ಲಿಟ್ಟು ಕೈ ಚಾಚಿ ಬಳಸಿದರೆ ಟ್ರ್ಯಾಕ್‌ಬಾಲ್ ಕೊಂಡ ಉದ್ದೇಶವೇ ವ್ಯರ್ಥ.

ಅನಂತರ ಪಾಯಿಂಟರ್‌ನ ವೇಗ. ಕಂಪ್ಯೂಟರಿನ ಮೌಸ್ ಸೆಟ್ಟಿಂಗ್‌ನಲ್ಲಿ ಮೊದಲು ವೇಗವನ್ನು ತಗ್ಗಿಸಿ ಆರಂಭಿಸಿ, ಎರಡು ದಿನಕ್ಕೊಮ್ಮೆ ತುಸು ಏರಿಸಿ. ವೇಗವರ್ಧನೆ ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಚೆಂಡನ್ನು ರಭಸದಿಂದ ತಿರುಗಿಸಿದರೆ ಪಾಯಿಂಟರ್ ಇನ್ನೂ ದೂರ, ನಿಧಾನವಾಗಿ ತಿರುಗಿಸಿದರೆ ಕಡಿಮೆ ದೂರ ಸಾಗುವುದು ಇದರ ಗುಣ. ವಿಂಡೋಸ್‌ನಲ್ಲಿ ಇದರ ಹೆಸರು “ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್”. ಸಾಮಾನ್ಯ ಮೌಸ್‌ಗೆ ಇದನ್ನು ಆಫ್ ಮಾಡಿಬಿಡಿ ಎನ್ನುವ ಸಲಹೆ ಪ್ರಚಲಿತವಾಗಿದೆ, ಆದರೆ ಟ್ರ್ಯಾಕ್‌ಬಾಲ್‌ಗೆ ಇದನ್ನು ಇಟ್ಟುಕೊಳ್ಳುವುದೇ ಉತ್ತಮವೆಂದು ನನಗನಿಸುತ್ತದೆ, ಏಕೆಂದರೆ ದೊಡ್ಡ ಜಿಗಿತ ಮತ್ತು ಸೂಕ್ಷ್ಮ ಗುರಿ ಎರಡೂ ಒಂದೇ ಚೆಂಡಿನಿಂದ ಆಗಬೇಕು. ವಿಂಡೋಸ್‌ನಲ್ಲಿ “ಕ್ಲಿಕ್‌ಲಾಕ್” ಎಂಬ ಆಯ್ಕೆಯನ್ನೂ ಹಾಕಿಕೊಂಡು ನೋಡಿ. ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಬಿಟ್ಟರೆ ಒತ್ತಿಹಿಡಿದಂತೆಯೇ ಇರುತ್ತದೆ, ಆಗ ಉದ್ದನೆಯ ಪಠ್ಯ ಆಯ್ಕೆ ಮಾಡುವಾಗ ಬೆರಳಿಗೆ ಬಿಡುವು ಸಿಗುತ್ತದೆ.

ಮೊದಲ ವಾರ ಕೆಲಸ ನಿಧಾನವಾಗುವುದು ಖಂಡಿತ. ಗಡುವು ಹತ್ತಿರವಿರುವ ದಿನಗಳಲ್ಲಿ ಬದಲಾವಣೆ ಆರಂಭಿಸಬೇಡಿ, ಹಳೆಯ ಮೌಸನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಈ ಕೆಲಸಗಳನ್ನು ಮಾಡಿ ನೋಡಿ: ಎರಡು ಅಕ್ಷರಗಳ ನಡುವೆ ಕರ್ಸರ್ ಇಡುವುದು, ಲೆಕ್ಕಪತ್ರದ ಒಂದು ಕಾಲಂ ಅಗಲಿಸುವುದು, ಕಡತವೊಂದನ್ನು ಪರದೆಯ ಒಂದು ತುದಿಯಿಂದ ಇನ್ನೊಂದಕ್ಕೆ ಎಳೆಯುವುದು, ಪಾಯಿಂಟರನ್ನು ಎಂಟೂ ದಿಕ್ಕಿಗೆ ಅತಿ ನಿಧಾನವಾಗಿ ಸರಿಸುವುದು. ಒಂದು ದಿಕ್ಕಿನಲ್ಲಿ ಮಾತ್ರ ಚೆಂಡು ಹಿಡಿದಂತಾದರೆ ಅದು ಮಣಿಗಳ ದೋಷ. ಅಭ್ಯಾಸದಿಂದ ಸರಿಹೋಗುವುದಿಲ್ಲ, ಬದಲಿ ಕೇಳಿ. ಅಭ್ಯಾಸದ ದಿನಗಳಲ್ಲಿ ಬೆರಳಿಗೆ ದಣಿವಾಗುವುದು ಸಹಜ, ಆದರೆ ಚುಚ್ಚುವ ನೋವು, ಜೋಮು ಅಥವಾ ಊತ ಕಂಡರೆ ಬಳಕೆ ನಿಲ್ಲಿಸಿ. ಕೆಲವು ದಿನಗಳಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

ಹಂತ 9: ಶುಚಿಗೊಳಿಸುವ ಕ್ರಮ

ಎರಡು ವಾರಕ್ಕೊಮ್ಮೆ, ಅಥವಾ ಚೆಂಡು ಒರಟಾಗಿ ಉರುಳುತ್ತಿದೆ ಎನಿಸಿದ ಕೂಡಲೇ, ಸಾಧನವನ್ನು ಆಫ್ ಮಾಡಿ ಚೆಂಡನ್ನು ಹೊರತೆಗೆಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತೆಗೆದ ಚೆಂಡನ್ನು ಅವರ ಕೈಗೆ ಸಿಗದಂತೆ ಇಡಿ. ಮೂರು ಮಣಿಗಳ ಸುತ್ತ ಬೂದು ಬಣ್ಣದ ದೂಳಿನ ಉಂಗುರ ಕಟ್ಟಿರುವುದು ಕಾಣುತ್ತದೆ; ಅದನ್ನು ಹತ್ತಿಯ ಕಡ್ಡಿಯಿಂದ ಬಿಡಿಸಿ, ಅಂಟಿಕೊಂಡಿದ್ದರೆ ಕಡ್ಡಿಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿಕೊಳ್ಳಿ. ಸೆನ್ಸರ್‌ನ ಪುಟ್ಟ ಕಿಟಕಿಯ ಮೇಲೆ ಕೂದಲೆಳೆ ಕೂತಿದ್ದರೆ ಪಾಯಿಂಟರ್ ತನ್ನಷ್ಟಕ್ಕೆ ನಡುಗುತ್ತದೆ. ಅದನ್ನು ಊದಿ ತೆಗೆಯಿರಿ, ಉಗುರಿನಿಂದ ಕೆರೆಯಬೇಡಿ. ಚೆಂಡನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಒರೆಸಿದ ಚೆಂಡು ಮೊದಲಿಗಿಂತ ಬಿಗಿಯಾಗಿದೆ ಎನಿಸಿದರೆ ಅಂಗೈಗಳ ನಡುವೆ ಕೆಲವು ಕ್ಷಣ ಉಜ್ಜಿ ಮತ್ತೆ ಕೂರಿಸಿ. ಚರ್ಮದ ಎಣ್ಣೆಯಂಶ ಅಷ್ಟು ಸಾಕಾಗುತ್ತದೆ. ಅಡುಗೆ ಎಣ್ಣೆಯನ್ನಾಗಲಿ ಯಂತ್ರದ ಎಣ್ಣೆಯನ್ನಾಗಲಿ ಹಾಕಬಾರದು, ಅದು ದೂಳನ್ನು ಇನ್ನಷ್ಟು ಸೆಳೆಯುತ್ತದೆ. ಶುಚಿಗೊಳಿಸಿದ ಮೇಲೂ ಚೆಂಡು ಸರಾಗವಾಗದಿದ್ದರೆ ಅದನ್ನು ಬೆಳಕಿಗೆ ಹಿಡಿದು ಗೀರುಗಳಿವೆಯೇ ನೋಡಿ. ಗೀರಿದ್ದರೆ ಚೆಂಡನ್ನಷ್ಟೇ ಬದಲಿಸಿ. ಚೆಂಡು ನುಣುಪಾಗಿದ್ದು ಯಾವುದಾದರೂ ಮಣಿಯ ತುದಿ ಚಪ್ಪಟೆಯಾಗಿ ಸವೆದಿರುವುದು ಕಂಡರೆ, ವಾರಂಟಿ ಉಳಿದಿದೆಯೇ ಎಂದು ರಸೀದಿ ತೆಗೆದು ನೋಡುವ ಸಮಯ ಬಂದಿದೆ.